ಮಠದ ಹಿತ್ತಲಿನ ಬಾರಿಕಂಟಿ

ಹೊಳೆದಂಡೆಯಲ್ಲೊಂದು ಮಠ. ಯಾವ ಹೊಳೆ ಅಂತ ಕೇಳಬೇಡಿ, ಹೋದ ಸಲ ಬೇರೆ ಹೆಸರು ಹೇಳಿದ್ದೆ.

ಶಿಷ್ಯ ಅಡವೆಪ್ಪ ತನ್ನೂರಿನ ಬಾರೀಹಣ್ಣಿನ, ಅಂದರೆ ಬೋರೆಹಣ್ಣಿನ ಬೀಜ ತಂದು ಮಠದ ಹಿತ್ತಲಲ್ಲಿ ಊರಿದ್ದ. ಚಿಕ್ಕಂದಿನಲ್ಲಿ ತಿಂದ ಆ ಹುಳಿಸಿಹಿ ಇನ್ನೊಮ್ಮೆ ನಾಲಿಗೆಗೆ ಬಂದರೆ ಸಾಕು ಅನ್ನುವ ಆಸೆ.

ಮುಳ್ಳಿನ ಕಂಟಿ ಆಳೆತ್ತರ ಬೆಳೆದು ಮೈತುಂಬ ಕಾಯಿ ಬಿಟ್ಟಿತು. ಬೇಲಿ ನುಸುಳಿದ ಊರ ಹುಡುಗರನ್ನು ಅಡವೆಪ್ಪ ಹಿಡಿದು, ಕಿಸೆ ಝಾಡಿಸಿ, ಕಿವಿ ಹಿಂಡಿ ಕಳಿಸುತ್ತಿದ್ದ. ಅವರು ಬರುವುದನ್ನೇ ಬಿಟ್ಟರು.

ಕಾಯಿ ಹಣ್ಣಾಯಿತು. ತಟ್ಟೆ ತುಂಬ ಬಿಡಿಸಿ, ತೊಳೆದು, ಒಂದು ಬಾಯಿಗೆ ಹಾಕಿದ. ಇನ್ನೊಂದು. ಮತ್ತೊಂದು.

ಗುರು ನಿರ್ವಾಣಜ್ಜ ಬಂದಾಗ ಅವನು ಸಲಿಕೆ ಹಿಡಿದು ಕಂಟಿಯ ಬುಡ ಅಗೆಯುತ್ತಿದ್ದ.

"ಏನ್ ನಡಸೀಯೋ?"

"ಕಿತ್ತ ಒಗೀತೀನ್ರಿ ಅಜ್ಜಾರ. ಬೀಜ ನಮ್ಮೂರದ್ದು, ರುಚಿ ನಮ್ಮೂರದ್ದಲ್ಲ."

"ಊರಾಗ ಹ್ಯಾಂಗ ತಿಂತಿದ್ದಿ?"

ಸಲಿಕೆ ನಿಂತಿತು.

"ಕಳವು ಮಾಡಿ! ಗುರುಬಾಳವ್ವನ ಹಿತ್ತಲದಾಗ. ಮುದುಕಿ ಕೋಲು ತಗೊಂಡು, 'ಮಂಗ್ಯಾಗೋಳ್ರ್ಯಾ, ನಿಮ್ಮ ಬಾಯಾಗ ಮಣ್ಣ ಹಾಕ!' ಅಂತ ಬೆನ್ನ ಹತ್ತತಿದ್ಲ್ರಿ. ಕೈತುಂಬ ಮುಳ್ಳಿನ ಗೀರು. ಗುಡಿ ಹಿಂದ ಕುಂತು, ಎಂಜಲಾಗಬಾರದಂತ ಅಂಗಿ ಚುಂಗಿನಾಗ ಸುತ್ತಿ ಕಚ್ಚಿ, ಗೆಳ್ಯಾಗ ಅರ್ಧ ಕೊಡತಿದ್ದೆ."

"ಕಂಟ್ಯಾಗ ಇನ್ನೂ ಹಣ್ಣು ಅದಾವ. ಕಳವು ಮಾಡು."

"ನಾನ ಹಚ್ಚಿದ ಗಿಡರೀ ಅಜ್ಜಾರ, ನಾನ ಹ್ಯಾಂಗ..."

"ಯಾರಲೇ ಅಂವಾ!" ಅಜ್ಜ ಕೋಲೆತ್ತಿಯೇಬಿಟ್ಟರು. "ಮಠದ ಹಣ್ಣಿಗಿ ಕೈ ಹಚ್ಚತಿ? ಕೈ ಮುರದೇನು!"

ಎಪ್ಪತ್ತು ದಾಟಿದ ಅಜ್ಜ ಕಾವಿ ಮೇಲೆತ್ತಿ ಕಟ್ಟಿ ಓಡಿದ ಓಟಕ್ಕೆ, ದಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಮೊಸಳೆ ಹೆದರಿ ನೀರಿಗೆ ಬಿತ್ತು. ಬೇಕಾದರೆ ನಂಬಿ.

ಅಡವೆಪ್ಪ ಮುಳ್ಳೊಳಗೆ ಕೈ ತೂರಿ, ಸಿಕ್ಕಷ್ಟು ಕಿತ್ತುಕೊಂಡು ಓಡಿದ. ಮೊಣಕೈ ತರಚಿತು. ಧೋತರ ಪರ್ರನೆ ಹರಿಯಿತು. ದನದ ಕೊಟ್ಟಿಗೆಯ ಹಿಂದೆ ಕುಸಿದು ಕೂತು ಒಂದು ಹಣ್ಣು ಕಚ್ಚಿದ.

ಕಣ್ಣು ತುಂಬಿ ಬಂತು.

ಅಜ್ಜ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕೂತರು.

"ಅದೇ ರುಚಿ, ಅಜ್ಜಾರ! ಆದ್ರ ಒಂದು ತಿಳೀವಲ್ದು. ಹಗ್ಗ ಹರಕೊಂಡ ಹೋರಿನೂ ಓಡಿ ಹಿಡೀತಿದ್ಲು ಆ ಮುದುಕಿ. ನಾವು ಒಮ್ಮೀನೂ ಹ್ಯಾಂಗ ಸಿಗಲಿಲ್ಲ?"

ಗದ್ದಲ ಕೇಳಿ ಬಂದ ಊರ ಹುಡುಗರು ಬೇಲಿಯಾಚೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಒಬ್ಬ ಆಗಲೇ ತಲೆ ತೂರಿಸಿದ್ದ.

ಅಜ್ಜ ಕೋಲನ್ನು ಅಡವೆಪ್ಪನ ಕೈಗಿಟ್ಟರು.

"ಬಂದಾರ ನೋಡು. ಜೋರಾಗಿ ಬೈಯಿ, ಬೆನ್ನ ಹತ್ತು. ಹಿಡೀಬ್ಯಾಡ."