ಗೆರೆ ಪ್ರಕಾರ ಗಂಡ

ಒಂದಾನೊಂದು ಊರಿನಲ್ಲಿ, ಹೆಸರು ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರ್ತಾರೆ, ಒಬ್ಬ ರಾಜ ಇದ್ದ. ಅವನ ಮೂಗಿನ ಮೇಲೆ ಒಂದು ನೊಣ ಕೂತಿತು, ಎದ್ದು ಹೋಯಿತು. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ರಾಜನಿಗೆ ಅನ್ನ ಸೇರಲಿಲ್ಲ. ಒಂದು ಸಾಫ್ಟ್‌ವೇರು ತರಿಸಿ ಕಂಪ್ಯೂಟರಿಗೆ ಹಾಕಿಸಿದ. ಊರಲ್ಲಿ ಓಡಾಡುವ ಪ್ರತಿಯೊಂದರ ಹಿಂದೆಯೂ ಗೆರೆ ಎಳೆಯುವುದೇ ಅದರ ಕಸುಬು.

ನೊಣವನ್ನು ಎಲ್ಲರೂ ಮರೆತರು. ಕೆಂಚಮ್ಮ ಮಾತ್ರ ದಿನಾ ಸಂಜೆ ಅರಮನೆ ಕಿಟಕಿಗೆ ಹೋಗಿ ಕಂಪ್ಯೂಟರಿನಲ್ಲಿ ಗಂಡ ಬೋರಯ್ಯನ ಗೆರೆ ನೋಡಿ ಬರೋಳು. ಬಂದವಳೇ ಅವನ ಚರ್ಮ ಸುಲಿಯೋಳು.

"ದೇವೀರಿ ಮನೆ ಮುಂದೆ ಗೆರೆ ಯಾಕ್ರೀ ಗಂಟು ಬಿದ್ದೈತೆ?"

"ಕಾಲಿಗೆ ಮುಳ್ಳು ಚುಚ್ಚಿತ್ತು ಕಣೇ."

"ಮುಳ್ಳಿಗೆ ದೇವೀರಿ ಮನೆನೇ ಬೇಕಿತ್ತಾ?"

ಒಂದು ದಿನ ಬಾವಿ ಓಣಿಯಲ್ಲಿ ಬೋರಯ್ಯನಿಗೆ ಮಡಿವಾಳರ ಕತ್ತೆ ಎದುರಾಯಿತು. ಓಣಿ ಇಕ್ಕಟ್ಟು. ಮೈಗೆ ಮೈ ಉಜ್ಜಿಕೊಂಡು ದಾಟಿದರು. ಸಾಫ್ಟ್‌ವೇರಿಗೆ ಗಲಿಬಿಲಿಯಾಗಿ ಇಬ್ಬರ ಗೆರೆ ಅದಲುಬದಲಾಯಿತು. ಅವತ್ತಿಂದ ಕತ್ತೆಯೇ ಬೋರಯ್ಯ, ಬೋರಯ್ಯನೇ ಕತ್ತೆ. ಭಟರು ಕತ್ತೆಯನ್ನು ತಂದು ಕೆಂಚಮ್ಮನ ನಡುಮನೆಗೇ ಬಿಟ್ಟರು. ಬೋರಯ್ಯನನ್ನು ಬಟ್ಟೆ ಹೊರೋಕೆ ಕೆರೆಗೆ ಅಟ್ಟಿದರು.

ಕೆಂಚಮ್ಮ ರಾಜನ ಮುಂದೆ ಲಬೋ ಲಬೋ ಬಾಯಿ ಬಡಿದುಕೊಂಡಳು. "ಬುದ್ಧೀ, ಇದಕ್ಕೆ ನಾಕು ಕಾಲೈತೆ!"

"ಕಾಲು ಯಾರು ಎಣಿಸ್ತಾರಮ್ಮ? ಗೆರೆ ನೋಡು. ಎಲ್ಲಾದರೂ ತುಂಡಾಗಿದೆಯಾ?"

ತುಂಡಾಗಿರಲಿಲ್ಲ.

"ಬೈದರೆ ನಮ್ಮೋರು ತಲೆ ತಗ್ಗಿಸಿ ನಿಲ್ಲೋರು, ಬುದ್ಧೀ."

ಕತ್ತೆ ತಲೆ ತಗ್ಗಿಸಿ ನಿಂತಿತು.

"ಮುಗೀತಲ್ಲ," ಅಂದ ರಾಜ.

"ಹೊತ್ತಿಗೆ ಬರುತ್ತೆ, ಉಪ್ಪು ಕಮ್ಮಿ ಅನ್ನಲ್ಲ, ಇರ್ಲಿ ಬಿಡೇ," ಅಂದರು ನೆರೆಯವರು. ಅವರಿಗೇನು, ಅವರವರ ಗಂಡಂದಿರು ಎರಡೇ ಕಾಲಲ್ಲಿ ಬರೋರು.

ಹುಟ್ಟುಗುಣ ಬಿಡುತ್ತಾ? ಕೆಂಚಮ್ಮ ಕತ್ತೆಯನ್ನೂ ಹಿಡಿದಳು. "ಎಲ್ಲಿ ಹೋಗಿದ್ದೆ? ಯಾಕೆ ನಿಂತೆ? ಯಾರನ್ನ ನೋಡಿದೆ?" ಕತ್ತೆ ತಲೆಯೆತ್ತಿ ಬಾಯಿಬಿಟ್ಟಿತು. "ತಾಯೀ, ಎಂಥಾ ಹೊರೆ ಆದ್ರೂ ಹೊರ್ತೀನಿ. ನಿನ್ನ ಪ್ರಶ್ನೆ ಹೊರೋಕಾಗಲ್ಲ. ನನ್ನ ಕೆರೆಗೆ ಕಳಿಸು."

ಕೆಂಚಮ್ಮ ಸೆರಗು ಸಿಕ್ಕಿಸಿಕೊಂಡಳು. ಕತ್ತೆ ಹೊಡಕೊಂಡು ಕೆರೆಗೆ ಹೋದಳು. ಬೋರಯ್ಯ ಬಟ್ಟೆಗಂಟು ಹೊತ್ತು ಸಿಳ್ಳೆ ಹಾಕ್ತಿದ್ದ.

"ಓಣಿಗೆ ಬನ್ರಿ. ಇನ್ನೊಂದ್ಸಲ ಇದನ್ನ ಉಜ್ಜಿಕೊಂಡು ದಾಟಿದ್ರೆ ಗೆರೆ ಸರಿಹೋಗುತ್ತೆ."

"ಒಲ್ಲೆ ಕಣೇ. ಕತ್ತೆನ ಯಾರೂ ಎಲ್ಲಿ ಹೋಗಿದ್ದೆ ಅಂತ ಕೇಳಲ್ಲ."

ಕೆಂಚಮ್ಮ ಅವನ ಬಟ್ಟೆಗಂಟು ಕೆಳಗಿಳಿಸಿದಳು.

"ಇನ್ನು ಕೇಳಲ್ಲ."

"ಆಣೆ?"

"ಆಣೆ."

ದಾಟಿದರು. ಗೆರೆ ತಿರುಗಿ ಅವರವರಿಗೇ ಸೇರಿತು. ಕತ್ತೆ ಒಂದೇ ಉಸಿರಿಗೆ ಕೆರೆಗೆ ಓಡಿತು.

ಮಾರನೆ ಸಂಜೆ ಬೋರಯ್ಯ ತಡವಾಗಿ ಬಂದ. ಹೆಗಲ ಮೇಲೊಂದು ಕನಕಾಂಬರದ ಎಸಳು! ಕೆಂಚಮ್ಮನ ನಾಲಗೆ ತುರಿಸಿತು. ಕಚ್ಚಿಕೊಂಡು ಮುದ್ದೆ ಬಡಿಸಿದಳು. ಎರಡು ತುತ್ತು ನುಂಗಿ ಅವನು ತಾನಾಗಿಯೇ ಶುರುಮಾಡಿದ. "ಇವತ್ತು ಏನಾಯ್ತು ಗೊತ್ತೇನೇ..."

ಏನಾಯ್ತು ಅಂತ ನೀವು ಕೇಳಿದಿರೋ, ನಾಳೆ ನಿಮ್ಮ ನಡುಮನೆಯಲ್ಲೂ ಕತ್ತೆ. ಕತೆ ಇಲ್ಲಿ ಕೂತಿತು, ಗೆರೆ ಆ ಕಡೆ ಹೋಯಿತು.