ಹುಣಸೆ ಬೀಜದ ಕೇರಿ

ಹೊಳೆಯ ದಂಡೆಯ ದಿಬ್ಬದ ಮೇಲೆ ಒಂದು ಮಠವಿತ್ತು. ಕೆಳಗೆ ಅಂಬಿಗರ ಕೇರಿ. ಹೊಳೆ ಉಕ್ಕಿದರೆ ಕೇರಿಯ ಜನಕ್ಕೆ ಮಠವೇ ಗತಿ, ಏಕೆಂದರೆ ಸುತ್ತಮುತ್ತ ಬೇರೆ ಎತ್ತರದ ಜಾಗವಿರಲಿಲ್ಲ.

ಆದರೆ ಮಠದ ಗೋಡೆಗೆ ಕೇರಿಯ ಕಡೆ ಬಾಗಿಲಿರಲಿಲ್ಲ. ಮಳೆಗಾಲ ಬರುವುದರೊಳಗೆ ಗೋಡೆ ಒಡೆದು ಒಂದನ್ನು ಇಡಬೇಕಿತ್ತು. ಎಲ್ಲಿ, ಎಷ್ಟು ಅಗಲ ಎಂದು ನೋಡುವ ಕೆಲಸವನ್ನು ಗುರು ನಿರಂಜನಯ್ಯ ಶಿಷ್ಯ ಮರುಳಯ್ಯನಿಗೆ ಒಪ್ಪಿಸಿದರು. ಲೆಕ್ಕ ತಪ್ಪಿದರೆ ಜನ ಬಾಗಿಲಲ್ಲೇ ಸಿಕ್ಕಿಕೊಂಡು ಮುಳುಗುತ್ತಾರೆ.

ಮರುಳಯ್ಯ ಮರಳಿನಲ್ಲಿ ಕೇರಿಯನ್ನು ಬರೆದ. ಒಂದು ಹುಣಸೆ ಬೀಜವೆಂದರೆ ಒಬ್ಬ ಮನುಷ್ಯ. ಪ್ರತಿ ಬೀಜಕ್ಕೂ ಒಂದೇ ನಿಯಮ: ಬಾಗಿಲ ಕಡೆ ಹೆಜ್ಜೆ ಇಡು, ಮುಂದೆ ಜಾಗವಿಲ್ಲದಿದ್ದರೆ ನಿಲ್ಲು.

ಬಾಗಿಲು ಎಲ್ಲಿ, ಯಾರು ಚುರುಕು, ಯಾರು ನಿಧಾನ ಎಂಬುದನ್ನು ತಾನು ಆರಿಸದೆ ಕವಡೆಗೆ ಬಿಟ್ಟ. ಹೀಗಾಗಿ ಕವಡೆ ಎಸೆದಾಗಲೆಲ್ಲ ಹೊಸದೊಂದು ಕೇರಿ ತಾನಾಗಿ ಹುಟ್ಟುತ್ತಿತ್ತು. ಪ್ರತಿಯೊಂದನ್ನೂ ಅವನು ನಡೆಸಿ ನೋಡಿದ.

"ಅಜ್ಜಾರೇ, ನೂರಾರು ಕೇರಿ ನಡೆಸಿದೆ. ಮೂಡಣ ಮೂಲೆಯ ಬಾಗಿಲಲ್ಲಿ ಒಂದು ಸಲವೂ ಯಾರೂ ಸಿಕ್ಕಿಕೊಳ್ಳಲಿಲ್ಲ. ಇಬ್ಬರು ಹಿಡಿಸುವಷ್ಟು ಅಗಲ ಸಾಕು," ಎಂದು ಮರುಳಯ್ಯ ಗುರುಗಳಿಗೆ ಹೇಳಿದ.

"ನಿನ್ನ ಬೀಜಗಳು ಬಹಳ ಒಳ್ಳೆಯವು ಕಣಪ್ಪ," ಎಂದರು ಗುರುಗಳು. "ನಾಳೆ ನಾವೂ ಓಡೋಣ."

ಮರುದಿನ ಮೂಡಣ ಮೂಲೆಯ ಗೋಡೆಯ ಮುಂದೆ, ಅಷ್ಟೇ ಅಗಲಕ್ಕೆ ಎರಡು ಬಿದಿರಿನ ಗಳ ನೆಟ್ಟರು. ಅದೇ ಬಾಗಿಲು ಎಂದುಕೊಳ್ಳಬೇಕು. ಶಿಷ್ಯರೆಲ್ಲ ಕೆಳಗೆ ಕೇರಿಯಲ್ಲಿ ನಿಂತರು. ಗುರುಗಳು ನೀರಿನ ಅಂಚಿನ ಕಲ್ಲಿನ ಮೇಲೆ ಕುಳಿತು ಕೂಗಿದರು, "ಹೊಳೆ ಬಂತು!"

ಎಲ್ಲರೂ ಓಡಿದರು. ಮರುಳಯ್ಯ ಬಿದಿರುಗಳ ನಡುವೆ ಬಂದು ಹಿಂದಕ್ಕೆ ನೋಡಿದ. ಗುರುಗಳು ಕುಳಿತಲ್ಲೇ ಇದ್ದರು. ಅವರಿಗೆ ಮಂಡಿನೋವು.

ಅವನು ತಿರುಗಿದ. ಹಿಂದಿನವರು ಬಂದು ಅವನ ಮೇಲೆ ಬಿದ್ದರು. ಯಾರಿಗೂ ಆಚೆ ಈಚೆ ಹೋಗಲು ಆಗಲಿಲ್ಲ.

"ಏ ಮಹಾರಾಯ, ಎಮ್ಮೆ ಹಾಗೆ ಅಡ್ಡ ನಿಂತೆಯಲ್ಲೋ!" ಎಂದು ಜೊತೆಯ ಶಿಷ್ಯ ಕೊಟ್ರಯ್ಯ ಬೈದ.

"ಬಿಡೋ, ಅಜ್ಜಾರು ಕೆಳಗೇ ಉಳಿದಿದ್ದಾರೆ!"

ಮರುಳಯ್ಯ ನುಸುಳಿಕೊಂಡು ಕೆಳಗಿಳಿದು, ಹೊತ್ತೊಯ್ಯಲು ಗುರುಗಳ ಮುಂದೆ ಬೆನ್ನು ಬಾಗಿಸಿದ. ಅವರು ಏರಲಿಲ್ಲ.

"ನಿಜವಾದ ನೀರಾಗಿದ್ದರೆ?" ಎಂದು ಕೇಳಿದರು.

ಮರುಳಯ್ಯ ಮೇಲೆ ನೋಡಿದ. ಕೆಲವರು ಇನ್ನೂ ಬಿದಿರುಗಳ ನಡುವೆಯೇ ಸಿಕ್ಕಿಕೊಂಡಿದ್ದರು.

"ಹಿಂದಿರುಗುವ ನಿಯಮ ನನ್ನ ತಲೆಗೇ ಬರಲಿಲ್ಲ. ನಾನು ಕೊಡದಿದ್ದುದನ್ನು ಕವಡೆ ಎಲ್ಲಿಂದ ತರಬೇಕು? ಅದನ್ನೂ ಬೀಜಗಳಿಗೆ ಸೇರಿಸುತ್ತೇನೆ ಅಜ್ಜಾರೇ."

"ಸೇರಿಸು. ಅದಕ್ಕೆ ಮೊದಲು ಕೇರಿಗೆ ಹೋಗಿ, ಯಾರು ಯಾರಿಗಾಗಿ ಹಿಂದೆ ತಿರುಗುತ್ತಾರೆ ಎಂದು ಕೇಳಿಕೊಂಡು ಬಾ."