ಸ್ಮಾರಕಕ್ಕೆ ಅಧ್ಯಕ್ಷರ ಮುಖ

ಆ ನಗರಸಭೆಯ ಗೋಡೌನ್ ತುಂಬ ಯುದ್ಧ ಸ್ಮಾರಕದ ಮಾದರಿಗಳಿದ್ದವು, ಸ್ಮಾರಕ ಮಾತ್ರ ಇರಲಿಲ್ಲ. ಬಂದ ಬಂದ ಅಧ್ಯಕ್ಷರೆಲ್ಲ ಹಳೆಯದಕ್ಕೆ ಮೂಗು ಮುರಿದು ಹೊಸದು ಮಾಡಿಸುತ್ತಿದ್ದರು. ಅವುಗಳ ಧೂಳು ಹೊಡೆಯುವ ಜವಾನ ಮರಿಚೌಡಯ್ಯನ ಅಣ್ಣ ಗಡಿಯಲ್ಲಿ ಸತ್ತವನು. ಅವನ ಹೆಸರನ್ನು ಕಲ್ಲಿನ ಮೇಲೆ ನೋಡುವ ಆಸೆಯಲ್ಲೇ ತಮ್ಮನ ತಲೆ ನರೆತಿತ್ತು.

ಹೊಸ ಅಧ್ಯಕ್ಷ ಚಿಕ್ಕಲಿಂಗೇಗೌಡರು ಮಾದರಿಯಲ್ಲಿದ್ದ ಯೋಧನ ಪ್ರತಿಮೆ ನೋಡಿ, "ಮುಖ ನನ್ನ ಥರ ಇರಲಿ. ಇಲ್ಲಾಂದ್ರೆ ಇದೂ ಗೋಡೌನಿಗೆ" ಅಂದರು. ಎಂಜಿನಿಯರು ತಲೆ ಕೆರೆದುಕೊಂಡರು.

"ಅದಕ್ಕೇನು ಸ್ವಾಮಿ, ನಾನು ಮಾಡಿಸ್ತೀನಿ" ಅಂದ ಮರಿಚೌಡಯ್ಯ. ಗಣಪತಿ ಮಾಡುವವನ ಕೈಲಿ ಗೌಡರ ಮುಖವನ್ನು ಮೀಸೆ ಸಮೇತ ಮಾಡಿಸಿ ತಂದು ಕೂರಿಸಿದ.

ಮಾದರಿಗೆ ಒಪ್ಪಿಗೆ ಕೊಡುವ ಸಭೆಯ ದಿನ ಗೌಡರು ಹೆಂಡತಿಯನ್ನೂ ಕರೆತಂದರು. ಮರಿಚೌಡಯ್ಯ ಪರದೆ ಸರಿಸಿದ. ಪ್ರತಿಮೆಯ ಕೊರಳಲ್ಲಿ ಗಂಧದ ಹಾರ, ಮುಂದೆ ದೀಪ, ಊದುಬತ್ತಿ.

"ಎಲ್ಲರೂ ಎದ್ದು ಎರಡು ನಿಮಿಷ ಮೌನ ಆಚರಿಸಬೇಕು" ಎಂದ.

ಸಭೆಗೆ ಸಭೆಯೇ ತಲೆ ತಗ್ಗಿಸಿ ನಿಂತಿತು. ಅಭ್ಯಾಸಬಲದಿಂದ ಗೌಡರೂ ನಿಂತುಬಿಟ್ಟರು!

"ಅಯ್ಯೋ, ಇದೇನ್ರೀ ಅನಿಷ್ಟ!" ಅವರ ಹೆಂಡತಿ ತಾಳಿ ಹಿಡಿದುಕೊಂಡು ಚೀರಿದರು.

"ಯಾವನಯ್ಯಾ ಇದನ್ನ ಮಾಡಿದ್ದು?" ಗೌಡರು ಗುಡುಗಿದರು.

"ಸ್ಮಾರಕ ಅಂದ್ಮೇಲೆ ವರ್ಷಾವರ್ಷ ಹಿಂಗೇ ನಡೀಬೇಕಲ್ಲ ಸ್ವಾಮಿ. ಒಂದ್ಸಲ ಮಾಡಿ ನೋಡಿದೆ" ಅಂದ ಮರಿಚೌಡಯ್ಯ.

"ಮೊದಲು ಆ ಮುಖ ಕೀಳಿಸ್ರೀ!" ಎಂದರು ಹೆಂಡತಿ.

ಮುಖ ಕಿತ್ತರು. ಪ್ರತಿಮೆಯೇ ಬೇಡ, ಸತ್ತ ಯೋಧರ ಹೆಸರುಗಳನ್ನಷ್ಟೇ ಕಲ್ಲಿನಲ್ಲಿ ಕೆತ್ತಿಸೋಣ ಎಂದು ಅಲ್ಲೇ ತೀರ್ಮಾನವಾಯಿತು.

"ಹೆಸರುಗಳ ಕೊನೇಲಿ ನನ್ನದೊಂದು..." ಎಂದು ಗೌಡರು ರಾಗ ಎಳೆದರು.

ಮರಿಚೌಡಯ್ಯ ಆರಿಹೋಗಿದ್ದ ಊದುಬತ್ತಿಯನ್ನು ಮತ್ತೆ ಹಚ್ಚಿದ.